ಸೋಲಬೇಕಾಗಿದ್ದ ದನಿ

ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ, ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ತಿಂಗಳಿಗೊಂದು ಭಾನುವಾರ ಸಂಜೆ ನಾವು ಕೆಲವರು ಕರೋಕೆ ಹಾಡಲು ಸೇರುತ್ತೇವೆ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಎರಡು ಮೈಕು, ಒಂದು ಲ್ಯಾಪ್‌ಟಾಪು, ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಕಾಫಿ. ಬರುವವರಲ್ಲಿ ಹೆಚ್ಚಿನವರು ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾದವರು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆಯಿಂದ ಬಸ್ಸಿನಲ್ಲಿ, ಮೆಟ್ರೋದಲ್ಲಿ ಬರುತ್ತಾರೆ. ಅರ್ಧ ಹೊತ್ತು ಪಿ.ಬಿ. ಶ್ರೀನಿವಾಸ್, ಜಾನಕಿ, ಎಸ್‌ಪಿಬಿ. ಉಳಿದರ್ಧ ಹೊತ್ತು ರಫಿ, ಲತಾ, ತಲತ್, ಮನ್ನಾ ಡೇ.

ಹೋದ ವರ್ಷದ ಒಂದು ಸಂಜೆ ಇಬ್ಬರು ಹಿರಿಯರು ‘ಬಸಂತ್ ಬಹಾರ್’ ಚಿತ್ರದ ‘ಕೇತಕೀ ಗುಲಾಬ್ ಜೂಹಿ’ ಹಾಡಲು ಎದ್ದರು. ಇದನ್ನು ಕರೋಕೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅದು ಮನ್ನಾ ಡೇ ಮತ್ತು ಭೀಮಸೇನ ಜೋಶಿ ಒಬ್ಬರಿಗೊಬ್ಬರು ಎದುರು ಕೂತು ಹಾಡಿದ ಬಸಂತ್ ರಾಗದ ಹಾಡು. ಭೀಮಸೇನರ ಭಾಗ ವಹಿಸಿಕೊಂಡವರು ಹುಬ್ಬಳ್ಳಿ ಕಡೆಯವರು, ಹುಡುಗರಾಗಿದ್ದಾಗ ನಾಲ್ಕಾರು ವರ್ಷ ಹಿಂದುಸ್ತಾನಿ ಕಲಿತವರು. ತಾನುಗಳೆಲ್ಲ ಬರಲಿಲ್ಲ, ನಿಜ. ಆದರೆ ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ಸಭಾಂಗಣ ನಿಶ್ಶಬ್ದವಾಯಿತು. ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬರು ಚಪ್ಪಾಳೆ ತಟ್ಟುತ್ತಲೇ ಅಂದರು: “ಏನೇ ಹೇಳಿ ಸಾರ್, ಹಿಂದಿ ಹಾಡು ಹಿಂದಿ ಹಾಡೇ. ನಮ್ಮಲ್ಲಿ ಇಂಥದ್ದು ಎಲ್ಲಿದೆ?”

ಪ್ರೀತಿಯಿಂದ ಆಡಿದ ಮಾತು. ಆದರೂ ಅದು ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಯಾಕೆಂದರೆ ಆ ಹಾಡು ಹುಟ್ಟಿದ ಕಥೆ ನಮ್ಮದೇ. 1956ರ ‘ಬಸಂತ್ ಬಹಾರ್’ ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯನ್ನು ಆಧರಿಸಿದ ಚಿತ್ರ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಮುಂಬಯಿಗೆ ಹೋಗಿ, ಭರತ್ ಭೂಷಣ್ ಮತ್ತು ನಿಮ್ಮಿಯ ಚಿತ್ರವಾಗಿ, ಶಂಕರ್–ಜೈಕಿಶನ್ ಸಂಗೀತ ತೊಟ್ಟು, ಶೈಲೇಂದ್ರ ಮತ್ತು ಹಸರತ್ ಜೈಪುರಿಯ ಸಾಹಿತ್ಯ ಪಡೆದು, ರೇಡಿಯೋ ಮೂಲಕ ನಮ್ಮ ಮನೆಗಳಿಗೆ ಮರಳಿ ಬಂತು. ಬಂದಾಗ ಅದರ ಗುರುತು ನಮಗೇ ಸಿಗಲಿಲ್ಲ.

ಇದನ್ನು ಹೇಳಿದ ಕೂಡಲೇ ಕೆಲವರಿಗೆ ಎದೆ ಉಬ್ಬುತ್ತದೆ, ‘ನೋಡಿ, ಇದೂ ನಮ್ಮದೇ’ ಎಂದು. ಆ ಹೆಮ್ಮೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಕಥೆ ನಮ್ಮದು ಎಂದು ಹಕ್ಕು ಸಾಧಿಸುವುದು ಸುಲಭ. ಆ ಕಥೆ ಹಿಂದಿಯ ಸಂಗೀತವಾಗುವಾಗ ಏನು ಪಡೆಯಿತು, ಏನು ಕಳೆದುಕೊಂಡಿತು ಎಂದು ಕಿವಿಯಿಂದಲೇ ಲೆಕ್ಕ ಹಾಕುವುದು ಕಷ್ಟ. ಆ ಕಷ್ಟದ ಕೆಲಸವನ್ನು ಮಾಡಬೇಕೆಂಬುದು ನನ್ನ ವಾದ.

ಮೊದಲು ಪಡೆದದ್ದು. ಶಂಕರ್–ಜೈಕಿಶನ್ ಎಂದರೆ ಅಲ್ಲಿಯವರೆಗೆ ‘ಬರ್ಸಾತ್’, ‘ಆವಾರಾ’, ‘ಶ್ರೀ 420’. ಬೀದಿಯಲ್ಲಿ ನಡೆಯುತ್ತ ಗುನುಗಬಹುದಾದ ಧಾಟಿಗಳು. ಈ ಚಿತ್ರದಲ್ಲಿ ಅವರು ರಾಗಗಳ ಮೇಲೆಯೇ ನಿಂತರು. ರಫಿಗೆ ತೋಡಿ, ಮನ್ನಾ ಡೇಗೆ ಮಿಯಾಂ ಮಲ್ಹಾರ್. ಲತಾ ಹಾಡಿದ ಒಂದು ಹಾಡಿನ ಜೊತೆಗೆ ಪನ್ನಾಲಾಲ್ ಘೋಷರ ಕೊಳಲು ಬರುತ್ತದೆ. ಅದು ಪಕ್ಕವಾದ್ಯದ ಹಾಗೆ ಹಿಂದೆ ಉಳಿಯದೆ ಇನ್ನೊಂದು ಕೊರಳಿನ ಹಾಗೆ ಮಾತಿಗೆ ಮಾತು ಸೇರಿಸುತ್ತದೆ. ಎಪ್ಪತ್ತೆಂಟು ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಜಾಗ. ಕಛೇರಿಯಲ್ಲಿ ಒಂದು ಗಂಟೆ ಬೇಡುವ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಿಯೂ ಅದರ ಮುಖ ಕೆಡದಂತೆ ನೋಡಿಕೊಳ್ಳುವುದು ದೊಡ್ಡ ವಿದ್ಯೆ. ಬಸಂತ್ ರಾಗವನ್ನು ಯಾವ ಗುರುವಿನಿಂದಲೂ ಕಲಿಯದ ಲಕ್ಷಾಂತರ ಜನ ಈ ಒಂದು ಹಾಡಿನಿಂದ ಅದರ ಗುರುತು ಹಿಡಿದರು. ನಾನೂ ಅವರಲ್ಲಿ ಒಬ್ಬ.

ನಮ್ಮ ತಲೆಮಾರಿಗೆ ಈ ಹಾಡುಗಳು ಬಂದದ್ದು ರೇಡಿಯೋ ಸಿಲೋನಿನಿಂದ. ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿತು. 1952ರಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾಯಿತು, 1957ರಲ್ಲಿ ವಿವಿಧ ಭಾರತಿ. ಸಿಲೋನಿನ ಬೆಳಗಿನ ಹಳೆಯ ಚಿತ್ರಗಳ ಕಾರ್ಯಕ್ರಮ ಸೈಗಲ್ ಹಾಡಿನೊಂದಿಗೆ ಮುಗಿದರೆ ಗಂಟೆ ಎಂಟಾಯಿತು ಎಂದು ಲೆಕ್ಕ, ಸ್ಕೂಲಿಗೆ ಹೊರಡುವ ಹೊತ್ತು. ಹಿಂದಿಯ ಒಂದಕ್ಷರ ಓದಲು ಬಾರದ ನನ್ನ ಅಮ್ಮನಿಗೆ ಈ ಹಾಡುಗಳ ಧಾಟಿ ತುದಿಯವರೆಗೂ ಬರುತ್ತಿತ್ತು. ಅವನ್ನು ಕೇಳಿ ಎಂದು ಅವರಿಗೆ ಯಾರೂ ಅಪ್ಪಣೆ ಮಾಡಿರಲಿಲ್ಲ.

ಈ ಅಪ್ಪಣೆಯ ಮಾತನ್ನು ಇಲ್ಲೇ ಇತ್ಯರ್ಥ ಮಾಡಿಬಿಡುತ್ತೇನೆ. 2017ರ ಜೂನ್‌ನಲ್ಲಿ ನಮ್ಮ ಮೆಟ್ರೋ ಹಸಿರು ಮಾರ್ಗ ಜಯನಗರ, ಬನಶಂಕರಿ, ಜೆ.ಪಿ. ನಗರ ದಾಟಿ ಯಲಚೇನಹಳ್ಳಿಯವರೆಗೆ ಬಂತು. ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಆಗಲೇ ದನಿ ಎದ್ದಿತು. ಆ ಫಲಕಗಳು ಬೇಡ ಎಂದವರಲ್ಲಿ ನಾನೂ ಇದ್ದೆ, ಈಗಲೂ ಇದ್ದೇನೆ. ಆ ದಿನಗಳಲ್ಲೇ ಸಂಜೆ ಮನೆಯಲ್ಲಿ ಮನ್ನಾ ಡೇ ಕೇಳಿದ್ದರಲ್ಲಿ ನನಗೆ ಯಾವ ವಿರೋಧಾಭಾಸವೂ ಕಂಡಿಲ್ಲ. ಹಾಡನ್ನು ನಾವು ಕರೆದುಕೊಂಡೆವು, ಅದು ಬಂತು. ಫಲಕವನ್ನು ನಾವು ಕರೆದಿರಲಿಲ್ಲ. ಇಷ್ಟು ಸರಳ ವ್ಯತ್ಯಾಸವನ್ನು ಮರೆತಾಗಲೇ ಒಂದು ಕಡೆಯವರು ‘ಹಿಂದಿ ಹಾಡು ಕೇಳುತ್ತೀರಿ, ಹಿಂದಿ ಬೋರ್ಡು ಯಾಕೆ ಬೇಡ?’ ಎನ್ನುತ್ತಾರೆ, ಇನ್ನೊಂದು ಕಡೆಯವರು ಹಾಡನ್ನೂ ಅನುಮಾನದಿಂದ ನೋಡುತ್ತಾರೆ. ಎರಡೂ ತಪ್ಪು.

ಇನ್ನೂ ಒಂದು ತೊಡಕಿದೆ. ‘ಹಿಂದಿ ಹಾಡು’ ಎಂಬ ಹೆಸರೇ ಬಹಳ ತೆಳುವಾದ ಹೆಸರು. ‘ಕೇತಕೀ’ ಹಾಡಿನ ಒಳಗೆ ಯಾರಿದ್ದಾರೆ ನೋಡಿ. ಒಂದು ದನಿ ಬಂಗಾಳದ್ದು. ಆ ಮನ್ನಾ ಡೇ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 2013ರ ಅಕ್ಟೋಬರ್ 24ರಂದು ಇಲ್ಲೇ ತೀರಿಕೊಂಡರು. ಇನ್ನೊಂದು ದನಿ ಗದಗಿನದು. ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿದು, ಹನ್ನೊಂದು ವರ್ಷಕ್ಕೆ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಉತ್ತರ ಭಾರತವೆಲ್ಲ ಅಲೆದ ಹುಡುಗ ಕೊನೆಗೆ ಗುರುವನ್ನು ಕಂಡುಕೊಂಡದ್ದು ತನ್ನೂರಿನ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಕಿರಾನಾ ಘರಾಣೆಯಲ್ಲಿ ಸ್ವರ ಹೇಳಿ ಹಾಡುವ ಸರಗಮ್ಮಿಗೆ ಅಷ್ಟು ಬಲ ಬಂದದ್ದು ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಹೋಗಿ ಬರುತ್ತ ನಮ್ಮ ದಕ್ಷಿಣಾದಿ ಸಂಗೀತಕ್ಕೆ ಕಿವಿಗೊಟ್ಟದ್ದರಿಂದ. ಸಾಹಿತ್ಯದ ಭಾಷೆ ಹಿಂದಿ, ಸರಿ. ಸಂಗೀತಕ್ಕೆ ಅಷ್ಟು ಚಿಕ್ಕ ಹೆಸರು ಸಾಲದು.

ಈಗ ಕಳೆದುಕೊಂಡದ್ದಕ್ಕೆ ಬರುತ್ತೇನೆ. ನನಗೆ ಮುಖ್ಯವಾದದ್ದು ಅದೇ.

ತ.ರಾ.ಸು. ಅವರ ವೆಂಕಟಸುಬ್ಬಯ್ಯ ಅರಸನ ಅಪ್ಪಣೆಗೆ ಹಾಡಲೊಲ್ಲದೆ ನಾಲಿಗೆಯನ್ನೇ ಕತ್ತರಿಸಿಕೊಂಡವನು. ಇಡೀ ಕಾದಂಬರಿಯ ಸಂಗೀತ ಹರಿದುಹೋಗುವುದು ಆ ಮೌನದ ಕಡೆಗೆ. ಅಹಂಕಾರದಿಂದ ಹಾಡಿದವನು, ಮೆಚ್ಚುಗೆಗೆ ಹಾಡಿದವನು, ಪ್ರೀತಿಗೆ ಹಾಡಿದವನು ಒಂದೊಂದೇ ಕಳಚಿಕೊಂಡು, ಹಾಡು ಯಾರಿಗೆ ಸಲ್ಲಬೇಕು ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾನೆ. ಅರಸ ಕೇಳಿದಾಗ ಒಲ್ಲೆನೆನ್ನುವುದೇ ಅವನ ಹಂಸಗೀತೆ. ಚಿತ್ರದುರ್ಗದಂಥ, ಮುತ್ತಿಗೆಗಳನ್ನು ಕಂಡ ಊರಿನ ಲೇಖಕ ಹಾಗೆ ಬರೆದದ್ದರಲ್ಲಿ ಆ ನೆಲದ ಹಟವೂ ಇದೆ ಅನ್ನಿಸುತ್ತದೆ.

‘ಬಸಂತ್ ಬಹಾರ್’ ಅದೇ ಕಥೆಯ ನಡುವೆ ಒಂದು ದರ್ಬಾರನ್ನೂ ಒಂದು ಸ್ಪರ್ಧೆಯನ್ನೂ ಇಟ್ಟಿತು. ನಾಲ್ಕು ವರ್ಷ ಮೊದಲು ‘ಬೈಜೂ ಬಾವ್ರಾ’ ಅದೇ ಭರತ್ ಭೂಷಣರನ್ನು ಅಂಥದೇ ದರ್ಬಾರಿನಲ್ಲಿ ಗೆಲ್ಲಿಸಿ ಹೆಸರು ಮಾಡಿತ್ತು. ಅಲ್ಲಿ ನೌಷಾದರು ಡಿ.ವಿ. ಪಲುಸ್ಕರ್ ಮತ್ತು ಅಮೀರ್ ಖಾನರನ್ನು, ಅಂದರೆ ಇಬ್ಬರೂ ಶಾಸ್ತ್ರೀಯ ಗಾಯಕರನ್ನೇ ಎದುರುಬದುರು ಕೂಡಿಸಿದರು. ಇಲ್ಲಿ ನಾಯಕನ ದನಿ ಹಿನ್ನೆಲೆ ಗಾಯಕ ಮನ್ನಾ ಡೇ, ಎದುರಾಳಿಯ ದನಿ ಮೂವತ್ನಾಲ್ಕರ ಭೀಮಸೇನ ಜೋಶಿ. ಕಥೆಯ ಪ್ರಕಾರ ನಾಯಕ ಗೆಲ್ಲಲೇಬೇಕು. ಎದುರಿಗೆ ಯಾರು ಎಂದು ತಿಳಿದಾಗ ಮನ್ನಾ ಡೇ ಹೆದರಿದರು. ಧ್ವನಿಮುದ್ರಣ ಮುಗಿಯುವವರೆಗೆ ಊರು ಬಿಟ್ಟು ಎಲ್ಲಾದರೂ ಹೋಗಿರೋಣ ಎಂದುಕೊಂಡಿದ್ದನ್ನೂ, ನಾಯಕನಿಗೆ ಹಾಡುವವರು ಓಡಿಹೋಗುವುದೇ ಎಂದು ಹೆಂಡತಿ ಸುಲೋಚನಾ ತಡೆದು ನಿಲ್ಲಿಸಿದ್ದನ್ನೂ ಅವರೇ ಆಮೇಲೆ ಎಷ್ಟೋ ಸಲ ಹೇಳಿಕೊಂಡರು. ಆ ಕಲಾವಿದನ ವಿನಯಕ್ಕೆ ನಾನು ತಲೆಬಾಗುತ್ತೇನೆ. ತನ್ನ ಗೆಲುವು ಚಿತ್ರಕಥೆ ಕೊಟ್ಟ ಗೆಲುವು ಎಂದು ಅವರಿಗೆ ತಿಳಿದಿತ್ತು.

ಹಾಡಿನೊಳಗೇ ಇದು ಕೇಳಿಸುತ್ತದೆ. ಕಣ್ಣು ಮುಚ್ಚಿ, ಚಿತ್ರವನ್ನು ಮರೆತು ಕೇಳಬೇಕು. ಆರಂಭದಲ್ಲಿ ಸಾವಧಾನ ಇದೆ, ಹೂಗಳ ಹೆಸರುಗಳನ್ನು ರಾಗ ಒಂದೊಂದಾಗಿ ಬಿಡಿಸುತ್ತದೆ. ಆಮೇಲೆ ಲಯ ಏರುತ್ತದೆ, ತಾನಿಗೆ ತಾನು. ಭೀಮಸೇನರ ಉಸಿರು ಹೊಟ್ಟೆಯ ಆಳದಿಂದ ಬರುತ್ತದೆ, ಗುಡುಗು ಉರುಳಿದ ಹಾಗೆ. ಮನ್ನಾ ಡೇ ಅದಕ್ಕೆ ಬಲದಿಂದ ಉತ್ತರ ಕೊಡಲು ಹೋಗುವುದಿಲ್ಲ. ನಯದಿಂದ, ಚುರುಕಿನಿಂದ, ಅಕ್ಷರಗಳನ್ನು ಸ್ಪಷ್ಟವಾಗಿ ಇಡುವ ಬಗೆಯಿಂದ ಕೊಡುತ್ತಾರೆ. ಒಬ್ಬರು ಇನ್ನೊಬ್ಬರನ್ನು ಮೇಲೆತ್ತುತ್ತಿದ್ದಾರೆ. ತೀರ್ಪು ಬರುವುದು ತೆರೆಯ ಮೇಲೆ ಮಾತ್ರ. ಕಿವಿ ಅದನ್ನು ಒಪ್ಪುವುದೇ ಇಲ್ಲ.

ನಮ್ಮ ಹುಬ್ಬಳ್ಳಿಯ ಹಿರಿಯರಿಗೆ ಆ ಸಂಜೆ ನಾನು ಕೇಳಿದೆ, “ರಾಯರೇ, ಯಾವಾಗಲೂ ಸೋಲುವವರ ಭಾಗವನ್ನೇ ಯಾಕೆ ಆರಿಸಿಕೊಳ್ಳುತ್ತೀರಿ?” ಅವರು ಕಾಫಿ ಲೋಟ ಕೆಳಗಿಟ್ಟು ಹೇಳಿದರು: “ಅಲ್ರೀ, ಕತಿ ಒಳಗ ಸೋಲ್ತಾನ, ಅಷ್ಟ. ಹಾಡಿನೊಳಗ ಯಾರ್ ಸೋತಾರ್ರೀ?”

ಹಾಡಿನ ಬಗ್ಗೆ ಅವರ ಮಾತು ಪೂರ್ತಿ ಸರಿ. ನನ್ನ ತಕರಾರು ಚಿತ್ರದ ಬಗ್ಗೆ. ಹಾಡಲೊಲ್ಲೆ ಎಂದವನ ಕಥೆಯನ್ನು ಹಾಡಿ ಗೆದ್ದವನ ಕಥೆಯಾಗಿ ತಿರುಗಿಸಿದಾಗ ಸಂಗೀತಕ್ಕೆ ವಹಿಸಿದ ಕೆಲಸವೇ ಬದಲಾಗುತ್ತದೆ. ಮೂಲದಲ್ಲಿ ಅದು ಒಬ್ಬನ ಒಳಗನ್ನು ಶೋಧಿಸುತ್ತಿತ್ತು. ಇಲ್ಲಿ ಅದು ಪಂದ್ಯ ಆಡಬೇಕು, ದೊರೆಯ ಮೆಚ್ಚುಗೆ ಗಳಿಸಬೇಕು. ಅರಸನಿಗೆ ಹಾಡು ಸಲ್ಲುವುದಿಲ್ಲ ಎಂಬ ಕಾದಂಬರಿ ಅರಸನ ತೀರ್ಪಿಗೆ ಕಾಯುವ ದೃಶ್ಯವಾಯಿತು. ಇಂದು ಟಿವಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೀರ್ಪುಗಾರರ ಮುಂದೆ ಹಾಡಿಸುವುದನ್ನು ನೋಡಿದಾಗೆಲ್ಲ ನನಗೆ ಆ ದರ್ಬಾರು ನೆನಪಾಗುತ್ತದೆ.

ಕನ್ನಡ ಚಿತ್ರರಂಗ ಈ ಕಥೆಗೆ ಬಂದದ್ದು ತಡವಾಗಿ, 1975ರಲ್ಲಿ. ಜಿ.ವಿ. ಅಯ್ಯರ್ ‘ಹಂಸಗೀತೆ’ಯನ್ನು ಅನಂತನಾಗ್ ಅವರನ್ನಿಟ್ಟುಕೊಂಡು ತೆಗೆದರು. ಸಂಗೀತ ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದು. ಬಾಲಮುರಳಿಯವರಿಗೆ ಆ ವರ್ಷದ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಈ ಚಿತ್ರದ ಸಂಗೀತ ಕರ್ನಾಟಕ ಸಂಗೀತ, ಕಥಾನಾಯಕ ಬದುಕಿದ್ದ ಲೋಕದ್ದೇ. ಹಾಡುಗಳು ಕಥೆಯನ್ನು ನಿಲ್ಲಿಸಿ ನಮ್ಮನ್ನು ರಂಜಿಸಲು ಬರುವುದಿಲ್ಲ. ಗುರುವಿನ ಮನೆಯಲ್ಲಿ, ದೇವಸ್ಥಾನದಲ್ಲಿ, ಬಂಡೆಗಳ ನಡುವೆ ಅವನು ಹಾಡುವಾಗ ನಾವು ಅಲ್ಲಿ ಇದ್ದುಬಿಟ್ಟಿರುತ್ತೇವೆ, ಅಷ್ಟೆ.

ಇಲ್ಲಿ ‘ಶುದ್ಧ ಕನ್ನಡದ್ದು’ ಎಂದು ಬೀಗಲು ಹೊರಟರೆ ಮತ್ತೆ ತಪ್ಪುತ್ತೇವೆ. ಬಾಲಮುರಳಿ ತೆಲುಗು ನಾಡಿನವರು. ಬಂಟ್ವಾಳದ ಮಂಚಿಯ ಕಾರಂತರು ಕಾಶಿಯಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದುಸ್ತಾನಿ ಕಲಿತವರು. ಹಿಂದಿ ಚಿತ್ರದಲ್ಲಿ ಕನ್ನಡಿಗ ದನಿ, ಕನ್ನಡ ಚಿತ್ರದಲ್ಲಿ ತೆಲುಗು ದನಿ. ಎರಡನ್ನೂ ಬೇರೆ ಮಾಡುವುದು ಹಾಡಿದವರ ಊರಾಗಲಿ ಭಾಷೆಯಾಗಲಿ ಆಗಿರಲಾರದು. ಹಾಡು ಯಾತಕ್ಕೆ ಬೇಕಾಯಿತು ಎಂಬುದನ್ನು ಕೇಳಬೇಕು. ಇದಕ್ಕೆ ಇನ್ನೊಂದು ಸಾಕ್ಷಿ ಭೀಮಸೇನರೇ. ‘ಬಸಂತ್ ಬಹಾರ್’ ಆದ ಹತ್ತು ವರ್ಷಕ್ಕೆ, 1966ರಲ್ಲಿ, ಅ.ನ.ಕೃ. ಕಾದಂಬರಿಯ ಮೇಲೆ ಬಂದ ‘ಸಂಧ್ಯಾರಾಗ’ ಚಿತ್ರಕ್ಕೆ ಅವರು ಕನ್ನಡದಲ್ಲಿ ಹಾಡಿದರು. ಪೂರ್ವಿಕಲ್ಯಾಣಿಯಲ್ಲಿ, ನಾದದೇವತೆಗೆ ಮಾಡಿದ ಪ್ರಾರ್ಥನೆ. ಅದೇ ಹಾಡನ್ನು ಬಾಲಮುರಳಿಯವರೂ ಹಾಡಿದ್ದಾರೆ. ಇಬ್ಬರು ದೊಡ್ಡವರು ಒಂದೇ ಹಾಡಿಗೆ ಕೊರಳು ಕೊಟ್ಟಿದ್ದಾರೆ, ಸೋಲಬೇಕಾದವರು ಯಾರೂ ಇಲ್ಲ.

ನನ್ನ ಮಾತಿಗೆ ಬರುವ ಗಟ್ಟಿಯಾದ ಆಕ್ಷೇಪ ನನಗೆ ಗೊತ್ತಿದೆ, ನಮ್ಮ ಗುಂಪಿನಲ್ಲೇ ಕೇಳಿದ್ದೇನೆ. ‘ಹಂಸಗೀತೆ’ಯನ್ನು ಎಷ್ಟು ಜನ ನೋಡಿದರು? ‘ಬಸಂತ್ ಬಹಾರ್’ ಹಾಡುಗಳು ದೇಶದ ಮೂಲೆಮೂಲೆಗೆ ಹೋದವು. ಜನ ಕೇಳದ ಪ್ರಾಮಾಣಿಕತೆಗಿಂತ ಜನರನ್ನು ಮುಟ್ಟಿದ ರಾಜಿ ಮೇಲಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಚಿತ್ರ ಮರೆತುಹೋದ ಮೇಲೂ ಹಾಡು ಉಳಿಯುತ್ತದೆ, ಉಳಿದ ಹಾಡಿಗೆ ಚಿತ್ರದ ತಪ್ಪುಗಳ ಹೊರೆ ಇರುವುದಿಲ್ಲ. ನಮ್ಮ ಸಭಾಂಗಣದಲ್ಲಿ ‘ಕೇತಕೀ’ ಹಾಡಿದಾಗ ಅಲ್ಲಿ ದರ್ಬಾರೂ ಇರಲಿಲ್ಲ, ದೊರೆಯೂ ಇರಲಿಲ್ಲ. ‘ಹಂಸಗೀತೆ’ಯ ಸಂಗೀತ ಹೀಗೆ ಬಿಡಿಯಾಗಿ ಊರಾಡುವಂಥದ್ದಲ್ಲ, ಅದನ್ನು ಚಿತ್ರದಿಂದ ಕಿತ್ತರೆ ಅರ್ಧ ಹೋಗುತ್ತದೆ. ಇದನ್ನು ಒಪ್ಪುತ್ತೇನೆ. ಆದರೆ ಊರಾಡುವ ಹಾಡೊಂದೇ ಉಳಿದು, ಅದರ ಹಿಂದಿದ್ದ ನಿರಾಕರಣೆ ಪೂರ್ತಿ ಅಳಿಸಿಹೋದರೆ, ‘ನಮ್ಮಲ್ಲಿ ಇಂಥದ್ದು ಎಲ್ಲಿದೆ’ ಎಂದು ಕೇಳುವವರು ತಯಾರಾಗುತ್ತಾರೆ. ಇಂಥದ್ದು ನಮ್ಮಲ್ಲಿ ಇತ್ತು. ಅವರ ಹತ್ತಿರ ಇಲ್ಲದ್ದೂ ನಮ್ಮಲ್ಲಿತ್ತು.

2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೋ ಸಿಟಿ, ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಮೊದಲ ವರ್ಷಗಳಲ್ಲಿ ಅದರಲ್ಲಿ ಕನ್ನಡವನ್ನು ಹುಡುಕಿ ಕೇಳಬೇಕಿತ್ತು. 2006ರ ‘ಮುಂಗಾರು ಮಳೆ’ ಬಂದ ಮೇಲೆ ಕನ್ನಡ ಹಾಡಿಗೆ ಕೇಳುಗರಿದ್ದಾರೆ ಎಂದು ವಾಹಿನಿಗಳಿಗೆ ಮನವರಿಕೆಯಾಯಿತು. ಆ ಚಿತ್ರದ ಜನಪ್ರಿಯ ಹಾಡಿನ ದನಿ ಸೋನು ನಿಗಮ್ ಅವರದು ಎನ್ನುವುದನ್ನೂ ನೆನೆಯಬೇಕು. ಕೊಡುಕೊಳ್ಳುವಿಕೆ ನಿಂತಿಲ್ಲ. ನಾನು ಬೇಡುವುದು ಒಂದೇ, ಕೊಟ್ಟದ್ದನ್ನೂ ಕೊಂಡದ್ದನ್ನೂ ಹೆಸರಿಟ್ಟು ಹೇಳೋಣ. ಹಾಡು ಹಾಕುವ ರೇಡಿಯೋದವರು ಒಂದು ವಾಕ್ಯ ಸೇರಿಸಿದರೆ ಸಾಕು, ‘ಇದು ತ.ರಾ.ಸು. ಕಾದಂಬರಿಯಿಂದ ಬಂದ ಚಿತ್ರ’ ಎಂದು. ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ, ಏಳನೇ ಹಂತದಲ್ಲಿ 2019ರಿಂದ ಸಂಗೀತಕ್ಕೆಂದೇ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಎಂಬ ವಸ್ತುಸಂಗ್ರಹಾಲಯ ಇದೆ. ಒಂದು ವಾರಾಂತ್ಯ ಎರಡೂ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ, ನಡುವೆ ಕಾದಂಬರಿಯ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದರೆ, ಬಿಟಿಎಂನ ಬಾಡಿಗೆ ಕೋಣೆಗಳಲ್ಲಿರುವ ಉತ್ತರದ ಹುಡುಗರೂ ಬಂದು ಕೂರುತ್ತಾರೆ ಎಂಬ ನಂಬಿಕೆ ನನಗಿದೆ. ತಾವು ಅಜ್ಜನ ಕಾಲದಿಂದ ಕೇಳಿದ ಹಾಡು ಈ ನೆಲದಿಂದ ಹೊರಟದ್ದು ಎಂದು ಗೊತ್ತಾದರೆ ಅವರಿಗೂ ಈ ನೆಲ ಇನ್ನಷ್ಟು ಹತ್ತಿರವಾಗುತ್ತದೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಹಿಂದೆ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ ಇತ್ತು. ತ.ರಾ.ಸು. ಅವರ ‘ನಾಗರಹಾವು’ ತೆಗೆದ ಪುಟ್ಟಣ್ಣ. ಅದು ಇದ್ದಿದ್ದರೆ ಅಲ್ಲೇ ಮಾಡಿ ಎನ್ನುತ್ತಿದ್ದೆ.

ಹುಬ್ಬಳ್ಳಿಯ ಹಿರಿಯರಿಗೆ ನನ್ನ ಹಳೆಯ ‘ಹಂಸಗೀತೆ’ ಪ್ರತಿ ಕೊಟ್ಟಿದ್ದೆ. ಮುಂದಿನ ತಿಂಗಳು ಅದನ್ನು ಬಟ್ಟೆಯ ಚೀಲದಲ್ಲಿ ತಂದರು. ರಾಗದ ಹೆಸರು ಬಂದ ಕಡೆಯಲ್ಲೆಲ್ಲ ಪೆನ್ಸಿಲ್ ಗೆರೆ. “ಇವಾ ಭೈರವಿ ವೆಂಕಟಸುಬ್ಬಯ್ಯ ಹಾಡಿದ ಭೈರವಿ ಒಮ್ಮೆ ಕೇಳಬೇಕಲ್ರೀ, ಇಲ್ಲಿ ಯಾರಿಗೆ ಬರ್ತದ?” ಎಂದರು. ಬನಶಂಕರಿಯಿಂದ ಬರುವ ಒಬ್ಬ ಅಮ್ಮ, ಮಕ್ಕಳಿಗೆ ಸಂಗೀತ ಹೇಳಿಕೊಡುವವರು, ಮೈಕು ಬೇಡವೆಂದು ಕುರ್ಚಿಯಲ್ಲೇ ನೆಟ್ಟಗೆ ಕೂತು ಮೆಲ್ಲಗೆ ಆರೋಹಣ ಹಿಡಿದರು. ಸ, ರಿ ಎನ್ನುತ್ತಲೇ ರಾಯರು ಕೈ ಎತ್ತಿದರು.

“ತಾಯಿ, ಇದು ಭೈರವಿ ಅಲ್ಲ. ಭೈರವಿ ಒಳಗ ರಿಷಭ ಕೋಮಲ.”

“ಅದು ನಿಮ್ಮ ಕಡೆ ಭೈರವಿ ರಾಯರೇ. ನಮಗೆ ಅದು ತೋಡಿಯ ಸ್ವರಗಳ ಹತ್ತಿರ ಬರುತ್ತದೆ. ನಮ್ಮ ಭೈರವಿಗೆ ಚತುಶ್ರುತಿ ರಿಷಭ, ಧೈವತ ಎರಡೂ ಬರುತ್ತೆ. ಇರಿ, ಇನ್ನೊಂದು ಸಲ ಹಾಡ್ತೀನಿ.”

ರಾಯರು ಕುರ್ಚಿಯನ್ನು ಎಳೆದುಕೊಂಡು ಅವರ ಎದುರು ಕೂತು, ಕಣ್ಣು ಮುಚ್ಚಿ, ಬೆರಳಿನಲ್ಲಿ ಸ್ವರ ಎಣಿಸುತ್ತ ಕೇಳತೊಡಗಿದರು. ಲ್ಯಾಪ್‌ಟಾಪಿನಲ್ಲಿ ಮುಂದಿನ ಹಾಡಿನ ಟ್ರ್ಯಾಕು ತಯಾರಾಗಿತ್ತು. ಯಾರೋ ಅದನ್ನು ನಿಲ್ಲಿಸಿದರು.